ಅತ್ತಿಗೆ ಬೇಡವೆಂದ ನಾಯಿ

ಬೆಳಿಗ್ಗೆ ಪಕ್ಕದ ಮನೆಯ ಸರೋಜಮ್ಮ ಕಾಂಪೌಂಡಿನ ಮೇಲಿಂದ ಒಂದು ನಾಯಿಮರಿಯನ್ನು ನನ್ನ ಕೈಗೆ ದಾಟಿಸಿ, "ನೋಡಿ, ಇದನ್ನ ಸಾಕಬಹುದಾ? ನಿಮಗೆ ನಾಯಿ ವಿಷಯ ಎಲ್ಲ ಗೊತ್ತಂತಲ್ಲ" ಅಂದರು. ನನಗೆ ಏನೂ ಗೊತ್ತಿಲ್ಲ. ಗೊತ್ತಿರುವುದು ನಮ್ಮ ಅತ್ತಿಗೆಗೆ. ಆದರೆ ಆ ಮಾತು ನನ್ನ ಬಾಯಿಂದ ಸುಲಭಕ್ಕೆ ಹೊರಡುವಂಥದ್ದಲ್ಲ. ತಿಳಿದವಳಂತೆ ಮರಿಯ ದವಡೆ ಹಿಡಿದು ನೋಡಿದೆ. ಇನ್ನೂ ಹಾಲು ಬಿಡದ ಮರಿಯ ಬಾಯಿಗೆ ಒಂದು ವಾಸನೆ ಇರುತ್ತದೆ, ಹಸಿ ಹಾಲಿಗೆ ಒಂದಿಷ್ಟು ಮಣ್ಣು ಕದಡಿದ ಹಾಗೆ. ಅದು ಮೂಗಿಗೆ ಬಡಿದದ್ದೇ ತಡ, ಮಧುಗಿರಿಯ ಈ ಬೀದಿಯಲ್ಲಿ ನಿಂತಿದ್ದ ನಾನು ಪುರವರದಾಚೆಯ ನಮ್ಮ ಊರಿನ ಹಿತ್ತಿಲಿಗೆ ಹೋಗಿಬಿಟ್ಟೆ. ಹಿಂದೆಯೇ ಹಳೆಯ ಹೊಟ್ಟೆಕಿಚ್ಚೂ ಎದ್ದು ಬಂತು.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ, ಪಾವಗಡದ ತಿರುಮಣಿ ಕಡೆಯವಳು. ಅವಳ ತವರಿನ ಹೊಲಗಳೆಲ್ಲ ಈಗ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿವೆ. ಅವಳು ಮದುವೆಯಾಗಿ ಬಂದಾಗ ಇನ್ನೂ ಅಲ್ಲಿ ಕುರಿ ಮೇಯುತ್ತಿದ್ದವು. ಅವರಪ್ಪ ದೊಡ್ಡ ಮಂದೆಯ ಒಡೆಯ. ಕುರಿ ಕಾಯುವುದಕ್ಕೆ ಎಂಥ ನಾಯಿ ಆಗುತ್ತದೆ, ಎಂಥದ್ದು ಆಗುವುದಿಲ್ಲ ಎಂದು ಮರಿಯಲ್ಲೇ ಹೇಳುವ ಕಣ್ಣು ಅವರಪ್ಪನದು. ಅದು ಗಂಡುಮಕ್ಕಳಿಗೆ ಬರಲಿಲ್ಲ, ಇವಳಿಗೆ ಬಂತು.

ಅವಳು ಬರುವ ತನಕ ನಮ್ಮ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಇತ್ತು. ಇದನ್ನು ನಾನು ಜಂಭಕ್ಕೆ ಹೇಳುತ್ತಿಲ್ಲ, ಊರಲ್ಲಿ ಯಾರನ್ನು ಬೇಕಾದರೂ ಕೇಳಿ. ಅಣ್ಣ ಸಂತೆಗೆ ಹೊರಟರೆ, "ಲೇ ಪುಟ್ಟಿ, ಕೆಂದ ಹೋತ ಮಾರಾನಾ, ಇಟ್ಕಳಾನಾ?" ಎಂದು ನನ್ನನ್ನು ಕೇಳುತ್ತಿದ್ದ. ನನಗೆ ಹೋತದ ವಿಷಯ ಏನು ತಿಳಿದಿತ್ತು ಅಂತೀರಿ? ಆದರೂ ಕೇಳುತ್ತಿದ್ದ. ಅತ್ತಿಗೆ ಬಂದ ಮೇಲೆ ಅದೇ ಪ್ರಶ್ನೆ ಅಡಿಗೆಮನೆಯ ಕಡೆಗೆ ತಿರುಗಿತು. ನಾನು ಜಗಲಿಯ ಮೇಲೆ ಕೂತೇ ಇರುತ್ತಿದ್ದೆ, ಪ್ರಶ್ನೆ ನನ್ನ ತಲೆಯ ಮೇಲೆ ಹಾದು ಒಳಗೆ ಹೋಗುತ್ತಿತ್ತು. ಆಮೇಲೆ ನಾನೂ ಮದುವೆಯಾಗಿ ಮಧುಗಿರಿಗೆ ಬಂದೆ, ಸೊಸೈಟಿಯೊಂದರಲ್ಲಿ ಗುಮಾಸ್ತೆಯ ಕೆಲಸವೂ ಸಿಕ್ಕಿತು. ಹೊಟ್ಟೆಕಿಚ್ಚು ಮಾತ್ರ ತವರಿನಲ್ಲೇ ಉಳಿಯಲಿಲ್ಲ, ಪಾತ್ರೆಪಗಡದ ಜೊತೆ ನನ್ನ ಹಿಂದೆಯೇ ಬಂತು.

ಅತ್ತಿಗೆಯನ್ನು ಹುಡುಕಿಕೊಂಡು ಜನ ಬರುತ್ತಿದ್ದರು. ತೋವಿನಕೆರೆಯ ರೈತನೊಬ್ಬ ಕಡಲೆಕಾಯಿ ಹೊಲಕ್ಕೆ ಹಂದಿ ಬರುತ್ತವೆಂದು ನಾಯಿ ಕೇಳಿಕೊಂಡು ಬಂದ. ಸಿರಾದಿಂದ ಕುರಿ ವ್ಯಾಪಾರದ ಸಾಬರೊಬ್ಬರು ಮೋಟಾರ್ ಸೈಕಲ್ಲಿನಲ್ಲಿ ಬುಟ್ಟಿ ಕಟ್ಟಿಕೊಂಡು, ಬುಟ್ಟಿಯಲ್ಲಿ ಮರಿ ಹಾಕಿಕೊಂಡು ಬಂದರು. "ಭಾಭಿ, ಜರಾ ನೋಡಿ ಹೇಳ್ಬುಡಿ. ನೀವು ಆಗಲ್ಲ ಅಂದ್ರೆ ವಾಪಸ್ ಕೊಡ್ತೀನಿ" ಅಂದರು. ಅತ್ತಿಗೆ ರೊಟ್ಟಿ ತಟ್ಟುವ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ಮರಿಯನ್ನು ಒಂದಷ್ಟು ಹೊತ್ತು ನೋಡಿ, "ಇದಿ ಪನಿಕಿ ರಾದು. ಕೆಲ್ಸಕ್ಕೆ ಬರಲ್ಲ, ಕೊಟ್ಬುಡಿ ವಾಪಸ್" ಅಂದುಬಿಟ್ಟಳು. ಅಷ್ಟು ದೂರದಿಂದ ಬಂದವರಿಗೆ ಒಂದು ಮೆದು ಮಾತು ಬೇಡವೇ? ಅವಳಿಗೆ ಅದೆಲ್ಲ ಬರುತ್ತಿರಲಿಲ್ಲ. ಸಾಬರು ಸಿಟ್ಟಾಗುತ್ತಾರೆಂದು ನಾನು ಆಸೆಯಿಂದ ಕಾದೆ. ಅವರು ಚಹಾ ಕುಡಿದು, ಕೈಮುಗಿದು, ಸಂತೋಷವಾಗಿಯೇ ಹೋದರು. ನನ್ನನ್ನು ನೋಡಲು ಸಿರಾದಿಂದ ಇವತ್ತಿನವರೆಗೆ ಯಾರೂ ಬಂದಿಲ್ಲ.

ಒಂದು ಸಂಕ್ರಾಂತಿ ಕಳೆದ ಮೇಲೆ ನಾನು ಊರಿಗೆ ಹೋಗಿದ್ದಾಗ ಹಿತ್ತಿಲಲ್ಲಿ ನಾಲ್ಕೈದು ಮರಿಗಳಿದ್ದವು. ಅಣ್ಣನ ಮಂದೆಯ ನಾಯಿ ಕಾಳನಿಗೆ ವಯಸ್ಸಾಗುತ್ತಿತ್ತು, ಅವನ ಜಾಗಕ್ಕೆ ಒಂದನ್ನು ಆರಿಸಬೇಕಿತ್ತು. ಅತ್ತಿಗೆ ಒಂದೊಂದೇ ಮರಿಯನ್ನು ತಾಯಿಯಿಂದ ದೂರ ಒಯ್ದು, ಗೋಡೆಯಾಚೆ ಬಿಟ್ಟು, ಅದು ಬರೀ ಕಿರುಚುತ್ತದೋ ಸುತ್ತ ನೋಡುತ್ತದೋ ಎಂದು ಗಮನಿಸಿದಳು. ಆಮೇಲೆ ಹಿಂದಿನಿಂದ ಸ್ಟೀಲ್ ತಟ್ಟೆ ಬೀಳಿಸಿದಳು. ಬೆಚ್ಚಿ ಓಡಿದ ಮರಿ ತಿರುಗಿ ಬಂದು ತಟ್ಟೆಯನ್ನು ಮೂಸಿದರೆ ಒಳ್ಳೆಯದು. ಬೆಚ್ಚದೇ ಇರುವುದೂ ಬೇಡ, ಓಡಿ ಹೋಗಿ ಬರದೇ ಇರುವುದೂ ಬೇಡ. ಕೊನೆಗೆ ಒಂದು ಕುರಿಮರಿಯನ್ನು ಎದುರಿಗೆ ನಿಲ್ಲಿಸಿದಳು. ಕಿವಿ ಹಿಡಿದು ಎಳೆದ ಮರಿಯನ್ನು ಅಲ್ಲಿಂದಲೇ ಎತ್ತಿ ಆಚೆ ಇಟ್ಟಳು.

ಹುರುಳಿಕಾಳಿನ ಬಣ್ಣದ ಒಂದು ಹೆಣ್ಣುಮರಿ ತಟ್ಟೆಯ ಸದ್ದಿಗೆ ಬೆದರಿ ನೇರ ನನ್ನ ಹತ್ತಿರ ಓಡಿ ಬಂದು ಸೀರೆಯ ನೆರಿಗೆಯೊಳಗೆ ತೂರಿಕೊಂಡಿತು. ಎಷ್ಟು ಕರೆದರೂ ಹೊರಗೆ ಬರಲಿಲ್ಲ. ಅತ್ತಿಗೆ ನಕ್ಕಳು.

"ಇದು ಮನುಸ್ರು ನಾಯಿ ಕಣಮ್ಮ. ಕುರಿಗೆ ಆಗಲ್ಲ. ಹುರುಳಿಲ್ಲ ಇದ್ರಲ್ಲಿ."

ಹುರುಳಿಲ್ಲವೇ? ಆ ಮರಿಗೆ ಹುರುಳಿ ಎಂದೇ ಹೆಸರಿಟ್ಟು, ಬ್ಯಾಗಿನೊಳಗೆ ಟವೆಲ್ ಹಾಸಿ, ಬಸ್ಸಿನಲ್ಲಿ ಮಧುಗಿರಿಗೆ ತಂದೆ. ಹಿತ್ತಿಲಲ್ಲಿ ನಿಂತು ನೋಡುತ್ತಿದ್ದ ಅಷ್ಟೊಂದು ಜನರಲ್ಲಿ ಅದು ಆರಿಸಿದ್ದು ನನ್ನನ್ನು. ಅತ್ತಿಗೆ ಆರಿಸುವವಳಾದರೆ, ನಾನು ಆರಿಸಿಕೊಳ್ಳಲ್ಪಟ್ಟವಳು. ಅವಳಿಗಿಲ್ಲದ್ದು ನನಗೊಂದು ಸಿಕ್ಕಿತ್ತು.

ಹುರುಳಿ ಬೆಳೆಯಿತು. ನಾನು ಸೊಸೈಟಿಗೆ ಹೊರಟರೆ ಬೀದಿಯ ಕೊನೆಯವರೆಗೆ ಬರುತ್ತಿತ್ತು, ಬರುವ ಹೊತ್ತಿಗೆ ಅಲ್ಲೇ ಕೂತಿರುತ್ತಿತ್ತು. "ಬಾರೇ ಕೂಸೇ" ಎಂದರೆ ಸಾಕು, ಎಲ್ಲಿದ್ದರೂ ಓಡಿ ಬಂದು ನನ್ನ ಮೊಣಕಾಲಿಗೆ ಹಣೆ ಒತ್ತುತ್ತಿತ್ತು. ನಮ್ಮ ಮನೆಯವರು, "ನನ್ನನ್ನ ಒಂದು ದಿನ ಅಂಗೆ ಕರ್ದಿದ್ದು ನೆನಪಿಲ್ಲ" ಎಂದು ಪೇಪರಿನ ಹಿಂದಿನಿಂದ ಗೊಣಗುತ್ತಿದ್ದರು. ರಜೆಯ ದಿನ ಅದನ್ನು ಊರಿಗೂ ಕರೆದೊಯ್ಯುತ್ತಿದ್ದೆ. ಅತ್ತಿಗೆಯ ಎದುರು ಸುಮ್ಮನೆ ಒಂದೆರಡು ಸಲ ಹೆಚ್ಚಿಗೆ ಕರೆಯುತ್ತಿದ್ದೆ. ಅವಳು ತಲೆಯೆತ್ತಿ ನೋಡಿ, ಮತ್ತೆ ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು.

ನಾನು ಗಮನಿಸದೇ ಇದ್ದದ್ದೇನೆಂದರೆ, ಊರಿಗೆ ಹೋದಾಗಲೆಲ್ಲ ಹುರುಳಿ ಕಾಳನ ಹಿಂದೆ ಮಂದೆಯ ಜೊತೆ ಹೋಗಲು ಕಲಿತಿತ್ತು. ಒಂದು ಭಾನುವಾರ ಅಣ್ಣ ಕುರಿ ಹೊಡೆದುಕೊಂಡು ಬಂದಾಗ ಹುರುಳಿ ಇರಲಿಲ್ಲ. ಬೆಟ್ಟದ ಕಡೆ ಚಿರತೆ ಓಡಾಡುತ್ತಿದೆಯೆಂಬ ಸುದ್ದಿ ಬೇರೆ ಇತ್ತು. ಅಣ್ಣನೂ ನಾನೂ ಹುಡುಕುತ್ತ ಹೋದರೆ, ಹಳ್ಳದ ಪಕ್ಕ ಕುಂಟುತ್ತಿದ್ದ ಒಂದು ಕುರಿಮರಿ ಹಿಂದೆ ಉಳಿದಿತ್ತು, ಅದರ ಪಕ್ಕದಲ್ಲಿ ಹುರುಳಿ ಕೂತಿತ್ತು. ನನ್ನನ್ನು ಕಂಡು ಬಾಲ ಅಲ್ಲಾಡಿಸಿತು, ಆದರೆ ಅಣ್ಣ ಮರಿಯನ್ನು ಹೆಗಲಿಗೆ ಹಾಕಿಕೊಳ್ಳುವ ತನಕ ಎದ್ದು ಬರಲಿಲ್ಲ.

ಆ ಮಳೆಗಾಲ ಕಾಳ ಸತ್ತ. ಅತ್ತಿಗೆ ಆರಿಸಿದ್ದ ಮರಿ ಮೊದಲೇ ಹಾವು ಕಚ್ಚಿ ಹೋಗಿತ್ತು. ಸ್ವಲ್ಪ ದಿನಕ್ಕೆ ಚಿರತೆ ಕುರಿ ಕೂಡುವ ರೊಪ್ಪದ ಬಲೆ ಹಾರಿ ಒಂದು ಕುರಿಯನ್ನು ಎತ್ತಿಕೊಂಡು ಹೋಯಿತು. ಅಣ್ಣ ಫೋನು ಮಾಡಿದ. ಸುತ್ತಿ ಬಳಸಿ ಮಾತಾಡಿ ಕೊನೆಗೆ, "ಪುಟ್ಟಿ, ಹುರುಳಿನ ಒಂದಷ್ಟು ದಿನ ಬುಡ್ತೀಯಾ ಇಲ್ಲಿ?" ಅಂದ.

ಎಷ್ಟೋ ವರ್ಷದ ಮೇಲೆ ಅಣ್ಣ ನನ್ನನ್ನು ಏನೋ ಕೇಳಿದ್ದ. "ಅತ್ತಿಗೆ ಏನಂತಾಳೆ?" ಅಂದೆ.

"ಅವ್ಳು ಬ್ಯಾಡ ಅಂತಾಳೆ. ಆಗಲ್ಲ ಅಂತಾನೇ ಅಂತಾಳೆ."

ಅದೊಂದು ಮಾತು ಸಾಕಾಗಿತ್ತು. ಮಾರನೆಯ ದಿನವೇ ಹುರುಳಿಯನ್ನು ಕರೆದೊಯ್ದು ಬಿಟ್ಟುಬಂದೆ. ಮನೆಗೆ ಬಂದು ಬೀದಿಯ ಕೊನೆಯಲ್ಲಿ ಯಾರೂ ಕೂತಿಲ್ಲದ್ದನ್ನು ನೋಡಿದಾಗಲೇ ಏನು ಮಾಡಿದೆನೆಂದು ಹೊಳೆದದ್ದು. ಹುರುಳಿ ಸೋತರೆ ಅತ್ತಿಗೆಯ ಮಾತು ನಿಜವಾಗುತ್ತದೆ. ಗೆದ್ದರೆ ನಾಯಿ ನನ್ನದಲ್ಲ. ಇಂಥ ಆಟಕ್ಕೆ ತಾನಾಗಿಯೇ ಹೋಗಿ ಕೂತವರನ್ನು ನೀವು ಕಂಡಿದ್ದೀರಾ?

ಕೆಲವು ವಾರ ಕಳೆದ ಮೇಲೆ ಅತ್ತಿಗೆಯೇ ಬರಹೇಳಿದಳು. ಕಡಲೆಕಾಯಿ ಕಿತ್ತ ಹೊಲದಲ್ಲಿ ಕುರಿ ಮೇಯುತ್ತಿದ್ದವು. ಹುರುಳಿ ಅವುಗಳ ಆಚೆ ಬದಿಯಲ್ಲಿ ಒಂದು ಜಾಲಿಯ ನೆರಳಲ್ಲಿ ಮಲಗಿತ್ತು. ಅಣ್ಣ ದೂರದಲ್ಲಿ ಕೋಲೂರಿ ನಿಂತಿದ್ದ. ಅತ್ತಿಗೆ ನನ್ನನ್ನು ಬದುವಿನ ಮೇಲೆ ನಿಲ್ಲಿಸಿದಳು.

"ಈಗ ಕರಿ."

"ಕರೆದ್ರೆ ಬರುತ್ತೆ ಅತ್ತಿಗೆ."

"ಬಂದ್ರೆ ಕರ್ಕಂಡ್ ಹೋಗು. ಮಂದೆ ಬಿಟ್ಟು ಬರೋ ನಾಯಿ ಇಟ್ಕಂಡು ನಾವೇನ್ ಮಾಡಾನ? ಯಾರ್ ಕರೆದ್ರೂ ಬರಬಾರ್ದು. ನಿಂಗಿಂತ ಹೆಚ್ಚಿನೋರು ಅದ್ಕೆ ಯಾರೂ ಇಲ್ಲ, ಅದ್ಕೇ ನಿನ್ನೇ ಕರ್ಸಿದ್ದು." ಆಮೇಲೆ ನನ್ನ ಮುಖ ನೋಡಿ ಹೇಳಿದಳು, "ಸುಮ್ನೆ ಕರೀಬ್ಯಾಡ ಮತ್ತೆ. ಮನೇಲಿ ಹೆಂಗೆ ಕರೀತೀಯೋ ಅಂಗೇ ಕರಿ."

ಅಂದರೆ ನನ್ನ ಮನಸ್ಸಿನಲ್ಲಿದ್ದದ್ದು ಅವಳಿಗೆ ತಿಳಿದಿತ್ತು. ಅರೆಮನಸ್ಸಿನಿಂದ ಒಮ್ಮೆ ಕರೆದು, ಹುರುಳಿ ಬರದಂತೆ ಮಾಡಿ, ಅತ್ತಿಗೆಯ ಮಾತನ್ನು ಸುಳ್ಳು ಮಾಡಬಹುದಿತ್ತು. ಆದರೆ ಜಾಲಿಯ ಕೆಳಗೆ ಆ ಹುರುಳಿಬಣ್ಣದ ಬೆನ್ನನ್ನು ಕಂಡಾಗ ನನಗೆ ಅತ್ತಿಗೆಯೂ ಬೇಕಾಗಿರಲಿಲ್ಲ, ಗೆಲುವೂ ಬೇಕಾಗಿರಲಿಲ್ಲ.

"ಹುರುಳೀ, ಬಾರೇ ಕೂಸೇ" ಎಂದು ಕರೆದೆ.

ಹುರುಳಿ ತಟಕ್ಕನೆ ಎದ್ದಿತು. ಕಿವಿ ಹಿಂದಕ್ಕೆ ಒರಗಿಸಿ, ಕುರಿಗಳ ನಡುವೆ ದಾರಿ ಮಾಡಿಕೊಂಡು ನನ್ನ ಕಡೆ ಓಡಿ ಬಂತು. ನಾನು ಆಗಲೇ ಬಗ್ಗಿ ಕೈ ಚಾಚಿದ್ದೆ. ಅರ್ಧ ಹೊಲ ದಾಟಿರಬೇಕು, ಹಿಂದೆ ಯಾವುದೋ ಮರಿ ಕೂಗಿತು. ಹುರುಳಿ ನಿಂತಿತು. ತಿರುಗಿ ಮಂದೆಯನ್ನು ನೋಡಿತು, ನನ್ನನ್ನು ನೋಡಿತು. ಇನ್ನೊಮ್ಮೆ ಕರೆದೆ. ಅದು ಅಲ್ಲೇ ನಿಂತು ಬಾಲ ಅಲ್ಲಾಡಿಸಿತು, ಎರಡು ಹೆಜ್ಜೆ ಇಟ್ಟಿತು, ಆಮೇಲೆ ಮೆಲ್ಲಗೆ ತಿರುಗಿ ಕುರಿಗಳ ಕಡೆ ನಡೆದು ಹೋಯಿತು. ಆ ಕುರಿಗಳೋ, ಒಂದಾದರೂ ತಲೆಯೆತ್ತಿ ನೋಡಲಿಲ್ಲ. ತಮ್ಮ ಪಾಡಿಗೆ ಮೇಯುತ್ತಿದ್ದವು. ನನ್ನ ಬಾಳಿನಲ್ಲಿ ಬಹಳ ಜನರ ಮೇಲೆ ಕರುಬಿದ್ದೇನೆ. ಅವತ್ತು ಕುರಿಗಳ ಮೇಲೆ ಕರುಬಿದಷ್ಟು ಯಾರ ಮೇಲೂ ಇಲ್ಲ.

ಅತ್ತಿಗೆ ಅಣ್ಣನಿಗೂ ಕೇಳುವ ಹಾಗೆ ಹೇಳಿದಳು, "ನಾನ್ ಹೇಳಿದ್ದು ತಪ್ಪಾತು ಕಣಮ್ಮ. ಹುರುಳೈತೆ ಇದ್ರಲ್ಲಿ."

ಈ ಮಾತಿಗಾಗಿ ಎಷ್ಟು ವರ್ಷ ಕಾದಿದ್ದೆ. ಬಂದಾಗ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. "ಇರ್ಲಿ ಬುಡು" ಅಂದು ಕಣ್ಣೊರೆಸಿಕೊಂಡೆ.

ಮನೆಗೆ ನಡೆಯುವಾಗ ಅವಳು ಮುಂದೆ, ನಾನು ಹಿಂದೆ. ತಿರುಗದೆಯೇ ಹೇಳಿದಳು, "ಅರ್ಧ ದಾರಿ ಬಂತಲ್ಲ ನಿಂಗೋಸ್ಕರ. ನಾನು ಇಷ್ಟು ನಾಯಿ ಆರ್ಸಿ ಕೊಟ್ಟಿವ್ನಿ. ನಾನ್ ಕರೆದ್ರೆ ಒಂದೂ ಹಂಗೆ ಎದ್ದು ಓಡ್ಬರಲ್ಲ." ಆ ದನಿಯಲ್ಲಿ ಏನೋ ಇತ್ತು. ನನಗೆ ಚೆನ್ನಾಗಿ ಪರಿಚಯವಿದ್ದ ದನಿ ಅದು. ನನ್ನೊಳಗಿನದೇ ಇನ್ನೊಬ್ಬರ ಬಾಯಲ್ಲಿ ಬಂದಂತಿತ್ತು. ನಾನು ಹೆಜ್ಜೆ ಬೇಗ ಹಾಕಿ ಅವಳ ಪಕ್ಕಕ್ಕೆ ಬಂದೆ.

ಹುರುಳಿ ಅಲ್ಲೇ ಉಳಿಯಿತು. ನಾನು ಫೋನು ಮಾಡಿದಾಗಲೆಲ್ಲ ಅತ್ತಿಗೆ, "ಸಾಯಂಕಾಲದ ಬಸ್ಸು ಹಾರನ್ ಮಾಡಿದ್ರೆ ಸಾಕು, ಕಿವಿ ನೆಟ್ಟಗ್ ಮಾಡ್ಕಂಡು ರೋಡಿನ ಕಡೆ ನೋಡ್ತಾ ಕುಂತ್ಕಂತದೆ. ನೀನ್ ಬಂದೆ ಅಂತ" ಅನ್ನುತ್ತಿದ್ದಳು. ಆ ಮಾತು ಕೇಳಲೆಂದೇ ನಾನು ಫೋನು ಮಾಡುತ್ತಿದ್ದೆ. ಮುಂದೊಂದು ಸಲ ಊರಿಗೆ ಹೋದಾಗ ನಾವಿಬ್ಬರೂ ರೊಪ್ಪದ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಸಾಯಂಕಾಲದ ಬಸ್ಸು ಬಂತು. ಹಾರನ್ ಹೊಡೆಯಿತು. ಹುರುಳಿ ಮಲಗಿದ್ದಲ್ಲಿಂದ ಕಿವಿಯನ್ನೂ ಅಲ್ಲಾಡಿಸಲಿಲ್ಲ. ನಾನು ಅತ್ತಿಗೆಯ ಕಡೆ ನೋಡಿದೆ. ಅವಳು ಮೊರದ ಮೇಲೆ ಬಗ್ಗಿ, ಇಲ್ಲದ ಹುಳವನ್ನು ಬಹಳ ಹೊತ್ತು ಹುಡುಕುತ್ತಿದ್ದಳು.

ಇದೆಲ್ಲ ನೆನೆಯುತ್ತ ನಿಂತು ಸರೋಜಮ್ಮನ ಪ್ರಶ್ನೆಗೆ ಉತ್ತರ ಹೇಳುವುದೇ ಮರೆತೆ. "ನನಗೆ ಗೊತ್ತಾಗಲ್ಲ ಸರೋಜಮ್ಮ, ನಮ್ಮ ಅತ್ತಿಗೆ ಇವತ್ತು ಬರ್ತಾ ಇದ್ದಾರೆ, ಅವರನ್ನೇ ಕೇಳೋಣ" ಎಂದು ಮರಿಯನ್ನು ಹಿಂದಕ್ಕೆ ಕೊಟ್ಟೆ. ಅಷ್ಟು ಸಲೀಸಾಗಿ ಆ ಮಾತು ಹೊರಟದ್ದು ನನಗೇ ಆಶ್ಚರ್ಯ.

ಅತ್ತಿಗೆಗೆ ಹಲ್ಲುನೋವು, ಮಧುಗಿರಿಯಲ್ಲಿ ಡಾಕ್ಟರಿಗೆ ತೋರಿಸಬೇಕು. ಬಸ್‌ಸ್ಟ್ಯಾಂಡಿಗೆ ಹೋಗಿ ಕಾದೆ. ಬಸ್ಸಿನಿಂದ ಇಳಿದವಳ ಒಂದು ಕೆನ್ನೆ ಊದಿ ಕಣ್ಣು ಅರೆ ಮುಚ್ಚಿತ್ತು. ಮಾತಾಡಲೂ ಕಷ್ಟ, ಸೆರಗಿನ ಚುಂಗನ್ನು ಕೆನ್ನೆಗೆ ಒತ್ತಿ ಹಿಡಿದಿದ್ದಳು. ನಾನು ಇನ್ನೂ ಏನೂ ಕೇಳಿರಲಿಲ್ಲ.

"ನಿನ್ನೆಯಿಂದ ಸರ್ಯಾಗಿ ಮುದ್ದೇನೇ ತಿಂದಿಲ್ಲ ಕಣಮ್ಮ ನಿನ್ ಹುರುಳಿ" ಅಂದಳು, ಒಂದೊಂದೇ ಮಾತನ್ನು ನೋವಿನ ಸಂದಿಯಿಂದ ಹೊರಗೆ ತೆಗೆದು. "ನಿನ್ ನೆನಪಾಗಿರ್ಬೇಕು."

"ಹೌದಾ, ಪಾಪ" ಅಂದೆ. ಅವಳ ಕೈಯಿಂದ ಚೀಲ ಇಸಿದುಕೊಂಡು, ತೋಳು ಹಿಡಿದು ರಸ್ತೆ ದಾಟಿಸಿದೆ.