ವಾಸನೆಯಿಲ್ಲದ ಗ್ಯಾಸು

ನಮ್ಮ ಮನೆಗೂ ರಸೂಲಸಾಬನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವನ ಮನೆ ಹಾರಿದರೆ ನಮ್ಮದೂ ಹಾರಬೇಕು. ಹಾಗಾಗಿ ಅವನ ಬುದ್ಧಿವಂತಿಕೆಯ ಮೇಲೆ ನಾನು ಯಾವಾಗಲೂ ಒಂದು ಕಣ್ಣಿಟ್ಟಿದ್ದೆ.

ರಾಮದುರ್ಗದ ಬಸ್‌ಸ್ಟ್ಯಾಂಡ್ ಹತ್ತಿರ ಅವನದು ಬ್ಯಾಟರಿ ಅಂಗಡಿ. ಸಾಲಹಳ್ಳಿ ಕಡೆಯ ಟ್ರ್ಯಾಕ್ಟರುಗಳ ಬ್ಯಾಟರಿಯೆಲ್ಲ ಅಲ್ಲಿಗೇ ಬರುತ್ತವೆ. ಚಾರ್ಜ್ ಆಗುವಾಗ ಬ್ಯಾಟರಿಯ ನೀರಿನಿಂದ ಹೈಡ್ರೋಜನ್ ಗುಳ್ಳೆ ಏಳುತ್ತದಂತೆ. ಸುಡಲು ಬರುವ ಗ್ಯಾಸು ಹೀಗೆ ಪುಕ್ಕಟೆ ಗಾಳಿಗೆ ಹೋಗುವುದನ್ನು ನೋಡಿ ನೋಡಿ ಅವನ ಹೊಟ್ಟೆ ಉರಿಯುತ್ತಿತ್ತು.

ಹೋದ ವರ್ಷ ಅವನ ಮಾಳಿಗೆಯ ಮೇಲೆ ಸೋಲಾರ್ ಪ್ಲೇಟು ಬಂದವು. ನೀರಿನಲ್ಲಿ ಸ್ಟೀಲ್ ತಗಡು ಮುಳುಗಿಸಿ ಬಿಸಿಲಿನ ಕರೆಂಟ್ ಕೊಟ್ಟ. ಗ್ಯಾಸು ಹಿಡಿಯಲು ದೊಡ್ಡ ಡ್ರಮ್ಮಿನ ನೀರಿನಲ್ಲಿ ಸಣ್ಣ ಡ್ರಮ್ಮನ್ನು ಬೋರಲು ಹಾಕಿದ. ಗೋಬರ್ ಗ್ಯಾಸಿನ ಡ್ರಮ್ಮಿನ ಹಾಗೆ, ತುಂಬಿದಂತೆಲ್ಲ ಅದು ಮೇಲೇಳುತ್ತಿತ್ತು. ಅಲ್ಲಿಂದ ಅಡುಗೆಮನೆಯ ಒಲೆಗೆ ಪೈಪು. ಮೊದಲ ದಿನ ಅದರ ಮೇಲೆ ಚಹಾ ಕುದಿಸಿ ಇಡೀ ಓಣಿಗೆ ಕುಡಿಸಿದ. ನಾನೂ ಕುಡಿದೆ, ಬಾಗಿಲ ಹೊರಗೇ ನಿಂತು.

ಅವನ ಹೆಂಡತಿ ರಹೀಮಬಿಗೆ ಮಾತ್ರ ಅಂದಿನಿಂದ ಜೀವ ಕೈಯಲ್ಲಿ. "ಸಿಲಿಂಡರ್ ಸೋರಿದ್ರ ಮೂಗಿಗೆ ತಿಳೀತೈತ್ರಿ ಅಕ್ಕಾರ. ಇದಕ್ಕ ವಾಸನೀನ ಇಲ್ಲ. ಸೋರಿದ್ದು ಹೆಂಗ ಗೊತ್ತಾಗಬೇಕು?" ಎನ್ನುತ್ತಿದ್ದಳು. ಗಂಡ ಎದುರಿಲ್ಲದಿದ್ದರೆ ಆ ಒಲೆ ಮುಟ್ಟುತ್ತಿರಲಿಲ್ಲ. ಅವನು ನಗುತ್ತಿದ್ದ. "ಅದು ಭಾಳ ಹಗರ. ಸೋರಿದ್ರೂ ಬೆಳಕಿಂಡ್ಯಾಗಿಂದ ಮ್ಯಾಲ ಹೋಗಿಬಿಡತೈತಿ. ಸುಮ್ನ ಅಂಜತಿ ನೀ."

ಬುದ್ಧಿವಂತ ಮರೆತದ್ದು ಗುರುವಾರ ಸಂಜೆಯನ್ನು. ಆ ಹೊತ್ತಿಗೆ ರಹೀಮಬಿ ಕೆಂಡದ ಮೇಲೆ ಲೋಬಾನ ಹಾಕಿ ಕೋಣೆಕೋಣೆಗೂ ಹೊಗೆ ಹಿಡಿಯುತ್ತಾಳೆ. ಹೊಗೆ ಮನೆಯಲ್ಲೇ ನಿಲ್ಲಲಿ ಎಂದು ಮೊದಲೇ ಕಿಟಕಿ ಮುಚ್ಚಿ, ಮಾಳಿಗೆ ಹತ್ತಿ ಅಡುಗೆಮನೆಯ ಬೆಳಕಿಂಡಿಯ ಮೇಲೆ ತಗಡು ಎಳೆದಿರುತ್ತಾಳೆ. ಅತ್ತೆಯ ಕಾಲದಿಂದ ನಡೆದುಬಂದ ಪದ್ಧತಿ.

ಆ ಗುರುವಾರ ನಾನು ನಮ್ಮ ಮಾಳಿಗೆಯ ಮೇಲೆ ಒಣಗಿದ ಮೆಣಸಿನಕಾಯಿ ಬಳಿದು ಕೂಡಿಸುತ್ತಿದ್ದೆ. ರಸೂಲಸಾಬ ಅಂಗಡಿಯಿಂದ ಬಂದವನೇ ಎಂದಿನಂತೆ ಡ್ರಮ್ಮು ನೋಡಲು ಮೇಲೆ ಹತ್ತಿದ. ಮಧ್ಯಾಹ್ನ ಎದ್ದು ನಿಂತಿದ್ದ ಡ್ರಮ್ಮು ಪೂರ್ತಿ ಕೂತಿತ್ತು. ಅವನಿಲ್ಲದಾಗ ರಹೀಮಬಿ ಒಲೆ ಹಚ್ಚುವವಳಲ್ಲ. ಅಂದರೆ ಗ್ಯಾಸೆಲ್ಲ ಅಡುಗೆಮನೆಯೊಳಗೆ, ಜಂತಿಗಳ ನಡುವೆ. ಅವನ ಕಣ್ಣು ಬೆಳಕಿಂಡಿಯ ತಗಡಿನ ಮೇಲೆ ಬಿತ್ತು. ಅವನ ಪಾಠ ಕೇಳಿ ಕೇಳಿ ನನಗೂ ಅರ್ಥವಾಯಿತು.

ತಗಡನ್ನು ಎತ್ತಿಟ್ಟು ಕಿಂಡಿಗೆ ಬಾಯಿಟ್ಟು ಕೂಗಿದ. "ರಹೀಮಾ! ಕೆಂಡ ತರಬ್ಯಾಡ! ಲೈಟ್ ಹಚ್ಚಬ್ಯಾಡ! ಹೊರಗ ಬಾ!"

ಒಳಗಿನಿಂದ ಉತ್ತರವಿಲ್ಲ. ಮತ್ತೆ ಕೂಗಿದ. ನಾನೂ ಕೂಗಿದೆ, ಗಂಟಲು ಹರಿಯುವ ಹಾಗೆ.

ಕೊನೆಗೆ ಮುಂದಿನ ಅಂಗಳದಿಂದ ದನಿ ಬಂತು. "ಯಾಕ ಒದರಾಕತ್ತೀರಿ? ಇದ್ದಲಿ ತೊಯ್ದಾವ, ಊದಿ ಊದಿ ಸಾಕಾತು. ಈಗ ಹೊತ್ತಾಕತ್ತಾವ."

ಅವನು ಇಳಿದದ್ದು ಹೇಗೋ, ಕೊಡದ ನೀರನ್ನೆಲ್ಲ ಆ ಕೆಂಡಕ್ಕೆ ಸುರಿದ. ಲೋಬಾನದ ಕೆಂಡಕ್ಕೆ ನೀರು! ಬಯ್ಯಲು ಬಾಯಿ ತೆಗೆದ ರಹೀಮಬಿಯನ್ನು ರಟ್ಟೆ ಹಿಡಿದು ಓಣಿಗೆ ಎಳೆದು ತಂದ. ನಾನೂ ಇಳಿದು ಬಂದೆ. ಬಾಗಿಲು ತೆರೆದಿಟ್ಟು ಮೂವರೂ ಬಹಳ ಹೊತ್ತು ಓಣಿಯಲ್ಲಿ ಕೂತೆವು. ಆಮೇಲೆ ನೋಡಿದರೆ ಒಲೆಯ ಹಿಂದೆ ಪೈಪು ಕಳಚಿತ್ತು.

ಮರುದಿನ ಅವನು ಎಲ್ಲವನ್ನೂ ಬಿಚ್ಚತೊಡಗಿದ.

"ಪೂರಾ ಯಾಕ ಬಿಚ್ಚತೀರಿ? ಒಲಿ ಅಂಗಳದಾಗ ಇಟ್ಟರಾತು. ಎಷ್ಟು ಕಷ್ಟಪಟ್ಟು ಮಾಡೀರಿ," ಎಂದಳು ರಹೀಮಬಿ. ಅವಳ ಬಾಯಿಂದ ಈ ಮಾತು ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಅವನು ಪಾನಾ ಹಾಕಿ ಇನ್ನೊಂದು ನಟ್ಟು ತಿರುಗಿಸಿದ.

"ಆ ಕಿಂಡ್ಯಾಗ ಬಾಯಿ ಇಟ್ಟು ಕರದೆ. ನೀ ಓ ಅನ್ನಲಿಲ್ಲ," ಎಂದ. "ಅಷ್ಟ ಸಾಕು ನನಗ."