ಐವತ್ತು ಹೆಂಗಸರ ವರದಿ

ಸಂದರ್ಶನದ ಪತ್ರ ಮೊಬೈಲಿಗೆ ಬಂದಾಗ ಸಿಮ್ರಾನ ಕಾಗಿನೆಲೆಯ ಬಸ್ ಸ್ಟ್ಯಾಂಡಿನ ಎದುರಿಗಿರುವ ತಂದೆಯ ಬಳೆ ಅಂಗಡಿಯಲ್ಲಿ ಕುಳಿತಿದ್ದಳು. ಧಾರವಾಡದಲ್ಲಿ ಎಂ.ಎ. ಓದಬಯಸುವ ಹಳ್ಳಿಯ ಹುಡುಗಿಯರಿಗೆ ಎರಡು ವರ್ಷದ ಫೀಸು, ಹಾಸ್ಟೆಲ್ ಖರ್ಚು ಕೊಡುವ ಒಂದು ಟ್ರಸ್ಟು ಅವಳನ್ನು ಹನ್ನೊಂದು ದಿನ ಬಿಟ್ಟು ಹಾವೇರಿಗೆ ಕರೆದಿತ್ತು. ತಂದೆ ಫಕ್ಕೀರಸಾಬರು ಪತ್ರವನ್ನು ಎರಡು ಸಲ ಓದಿಸಿ ಕೇಳಿದರು. ಸ್ಕಾಲರ್‌ಶಿಪ್ ಸಿಕ್ಕರೆ ಧಾರವಾಡ, ಇಲ್ಲವಾದರೆ ಓದು ಬಿ.ಎ.ಗೇ ಮುಗಿಯಿತು. ಮನೆಯಲ್ಲಿ ಯಾರೂ ಹಾಗೆ ಬಾಯಿಬಿಟ್ಟು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ.

ಪತ್ರದ ಕೊನೆಯ ಸಾಲು ಹೀಗಿತ್ತು: ‘ಅರ್ಜಿಯಲ್ಲಿ ತಾವು ತಿಳಿಸಿರುವ ಸಮೀಕ್ಷೆಯ ವರದಿಯನ್ನು ತಪ್ಪದೆ ತರತಕ್ಕದ್ದು.’

ಸಿಮ್ರಾನಳಿಗೆ ಯಾವ ಸಮೀಕ್ಷೆ ಎಂದೇ ತಿಳಿಯಲಿಲ್ಲ. ಅರ್ಜಿಯ ಪ್ರತಿ ತೆರೆದು ನೋಡಿದಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಐವತ್ತು ಹೆಂಗಸರನ್ನು ಮಾತನಾಡಿಸಿ, ಅವರ ಕೆಲಸ ಮತ್ತು ಆರೋಗ್ಯದ ಬಗ್ಗೆ ವರದಿ ಬರೆದಿದ್ದೇನೆ ಎಂದು ಅಚ್ಚುಕಟ್ಟಾದ ಭಾಷೆಯಲ್ಲಿ ಅವಳೇ ಹೇಳಿಕೊಂಡಿದ್ದಳು. ಅಂಥ ಹೆಂಗಸರಲ್ಲಿ ಅವಳು ಮಾತನಾಡಿಸಿದ್ದು ಪಕ್ಕದ ಮನೆಯ ಬಿಸ್ಮಿಲ್ಲಾಬಿಯನ್ನು ಮಾತ್ರ. ಅದೂ ಮೊಸರಿಗೆ ಹೆಪ್ಪು ಕೇಳಲು.

ಮರುದಿನ ತನ್ನ ಕಾಲೇಜಿರುವ ರಾಣೆಬೆನ್ನೂರಿಗೆ ಹೋಗಿ ನೇರವಾಗಿ ಆನ್‌ಲೈನ್ ಸೆಂಟರಿಗೆ ನಡೆದಳು. ಅರ್ಜಿ ತುಂಬಿದ ಪ್ರೇಮಕುಮಾರನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

“ಎರಡು ನೂರು ಶಬ್ದ ಬರೀರಿ ಅಂತ ಇತ್ರಿ ಅಕ್ಕಾರ. ಉಳಿದದ್ದು ನೀವ ತುಂಬ್ರಿ ಅಂತ ಹೇಳಿ ನೀವು ಬಸ್ಸಿಗೆ ಓಡಿದ್ರಿ. ಖಾಲಿ ಬಿಟ್ಟರ ಫಾರ್ಮ್ ಮುಂದ ಹೋಗೂದಿಲ್ಲ. ಹಿಂದಿನ ವರ್ಷ ಒಬ್ಬಾಕಿ ಬೀಡಿ ಕಟ್ಟೋರ ಮ್ಯಾಲ ಬರದಿದ್ಲು. ಬೀಡಿ ತಗದು ಮೆಣಸಿನಕಾಯಿ ಹಾಕಿದೆ. ನೀವು ಬ್ಯಾಡಗಿ ತಾಲೂಕಿನೋರು ಅಲ್ಲೇನ?”

ವರದಿಯನ್ನೂ ಸಂಜೆಯೊಳಗೆ ಮಾಡಿಕೊಡುತ್ತೇನೆಂದ. ಐವತ್ತು ಹೆಸರಿಗೆ ಮತದಾರರ ಪಟ್ಟಿ ಇದ್ದೇ ಇತ್ತಲ್ಲ.

ಸಿಮ್ರಾನ ಅವನನ್ನು ಬೈಯಬೇಕೆಂದು ಬಂದಿದ್ದಳು. ಆದರೆ ಅವತ್ತು ಬಸ್ಸಿನ ಕಿಟಕಿಗೆ ಆತುಕೊಂಡು, ಏನು ಬರೆದಿದ್ದಾನೆಂದು ಕೇಳದೆ, ಫೋನಿನಲ್ಲಿ ಒಟಿಪಿ ಹೇಳಿದ್ದು ತಾನೇ. ವರದಿ ಬೇಡವೆಂದು ಹೇಳಿ ಹೊರಬಿದ್ದಳು. ಕಾಲೇಜಿನ ಪಾಠಗಳು ಮುಗಿದು ಪರೀಕ್ಷೆಗೆ ರಜೆ ಬಿಟ್ಟಿದ್ದರು. ಹತ್ತು ದಿನ ಕೈಯಲ್ಲಿತ್ತು. ಐವತ್ತು ಹೆಂಗಸರೂ ಬ್ಯಾಡಗಿಯಲ್ಲಿದ್ದರು.

ಮಾರನೆಯ ಬೆಳಿಗ್ಗೆ ಬಿಸ್ಮಿಲ್ಲಾಬಿಯ ಜೊತೆ ಟಂಟಂ ಗಾಡಿ ಹತ್ತಿದಳು. ಗೋದಾಮಿನಲ್ಲಿ ಕೆಂಪು ರಾಶಿಗಳ ಸುತ್ತ ಮೂಗಿಗೆ ಸೆರಗು ಕಟ್ಟಿಕೊಂಡು ಹೆಂಗಸರು ಕುಳಿತಿದ್ದರು. ಬಿಡಿಸಿದ ಕಾಯಿಯ ತೂಕದ ಮೇಲೆ ಕೂಲಿ, ಹಾಗಾಗಿ ಯಾರ ಕೈಗೂ ಬಿಡುವಿರಲಿಲ್ಲ. ಸಿಮ್ರಾನ ಮೂರು ಸಲ ಸೀನಿ, ನೋಟ್‌ಬುಕ್ ತೆರೆದು, ತಮಗೆ ಯಾವುದಾದರೂ ಆರೋಗ್ಯ ಸಮಸ್ಯೆ ಇದೆಯೇ ಎಂದು ಓದಿದಳು. ಏನಿಲ್ಲವ್ವ, ಎಂದರು. ಮುಂದಿನ ಸಾಲಿನವರೂ ಹಾಗೇ ಎಂದರು. ಮಧ್ಯಾಹ್ನದ ಹೊತ್ತಿಗೆ ಅವಳ ಪುಟದ ತುಂಬ ‘ಇಲ್ಲ’ ಎಂಬುದೊಂದೇ ಉತ್ತರ.

ಅಲ್ಲಿಗೆ ಹಿರಿಯಳಾದ ಕರೆವ್ವ ಇದನ್ನೆಲ್ಲ ನೋಡುತ್ತಿದ್ದಳು. “ಕೈ ಕಟ್ಟಿಕೊಂಡು ಕುಂತು ಕೇಳೋರಿಗೆ ನಾವು ಏನಿಲ್ಲ ಅಂತನ ಹೇಳೂದು. ಸರ್ಕಾರದವರು ಬಂದಾಗೂ ಹಂಗ ಹೇಳೇವಿ. ರಾಶಿಗೆ ಕೈ ಹಾಕು ತಂಗಿ, ಮಾತು ತಾನ ಬರ್ತಾವ.”

ಸಿಮ್ರಾನ ಕೈ ಹಾಕಿದಳು. ಕೆಲಸ ಮಾಡುತ್ತ ಬರೆಯಲಾಗದು. ಕೇಳಿದ್ದನ್ನು ನೆನಪಿಟ್ಟುಕೊಂಡು ಸಂಜೆ ಗಾಡಿಯಲ್ಲಿ ಬರೆಯುತ್ತಿದ್ದಳು. ಅವಳ ರಾಶಿ ಎಲ್ಲರಿಗಿಂತ ಸಣ್ಣದಿರುತ್ತಿತ್ತು. ಬಿ.ಎ. ಓದಿದರೆ ಕೈ ಇಷ್ಟು ಮೆತ್ತಗಾಗುತ್ತವೆಂದು ಗೊತ್ತಿದ್ದರೆ ನಮ್ಮ ಹುಡುಗಿಯರನ್ನೂ ಓದಿಸುತ್ತಿದ್ದೆವು ಎಂದು ಹೆಂಗಸರು ನಕ್ಕರು.

ಎರಡನೆಯ ಸಂಜೆ ಮನೆಗೆ ಬಂದು, ಸಾಬೂನು ಹಚ್ಚಿ ಕೈ ತೊಳೆದು, ಎಂದಿನಂತೆ ತಂಗಿ ಮುಸ್ಕಾನಳ ಜಡೆ ಹಾಕಲು ಕುಳಿತಳು. ಬೈತಲೆ ತೆಗೆಯುವಾಗ ಬೆರಳು ಹಣೆಗೆ ತಾಗಿತು. ಮುಸ್ಕಾನ ಉರಿ ಉರಿ ಎಂದು ಅಳುತ್ತ ಎದ್ದು ಓಡಿದಳು. ತಾಯಿ ಸಕೀನಾಬಿ ಸಣ್ಣ ಮಗಳ ಹಣೆಗೆ ಎಣ್ಣೆ ಹಚ್ಚಿದಳು, ದೊಡ್ಡವಳ ಅಂಗೈಗೂ ಹಚ್ಚಿದಳು. ಸಿಮ್ರಾನ ತನ್ನ ಕೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ಬಹಳ ಹೊತ್ತು ಹಾಗೇ ಕುಳಿತಳು.

ಮರುದಿನ ಆರೋಗ್ಯದ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಕೇಳಿದಳು. ಕರೆವ್ವನನ್ನೇ ಮೊದಲು ಕೇಳಿದಳು: “ಅಮ್ಮಾ, ಸೀಜನ್ನಿನ್ಯಾಗ ನಿಮ್ಮ ಮಗಳ ಜಡಿ ಯಾರು ಹಾಕ್ತಿದ್ರು?”

ಕರೆವ್ವನ ಕೈ ನಿಂತಿತು. ನೆರೆಮನೆಯಾಕೆ ಹಾಕುತ್ತಿದ್ದಳು ಎಂದಳು. ಮಗಳು ಶಾಲೆಗೆ ಹೋದಷ್ಟು ವರ್ಷವೂ ಸೀಜನ್ ಮುಗಿದು ಯುಗಾದಿ ದಾಟುವವರೆಗೆ ಆ ತಲೆಯನ್ನು ತಾನು ಮುಟ್ಟಿರಲಿಲ್ಲ. ಈಗ ಅವಳ ಮದುವೆಯೂ ಆಗಿಹೋಗಿತ್ತು. ಆಚೆ ಬದಿಗೆ ಕುಳಿತಿದ್ದ ಶ್ವೇತಾ ಎಂಬ ಎಳೆಯ ಬಾಣಂತಿ ಯಾರೂ ಕೇಳದೆ ಹೇಳಿದಳು: “ಕೂಸಿಗೆ ಹಾಲು ಕುಡಿಸೂ ಮುಂದ ನಮ್ಮತ್ತಿ ಹಿಡಕೊಂತಾಳ್ರಿ. ನಾ ಕೈ ಹಿಂದ ಮಾಡಿಕೊಂಡು ಕುಂದರತೇನಿ.”

ಆಮೇಲೆ ಮಾತಿಗೆ ಬರವಿರಲಿಲ್ಲ. ಒಬ್ಬೊಬ್ಬರದೂ ಒಂದೊಂದು ಪುಟವಾಯಿತು. ಆದರೆ ಪುಟ ಉದ್ದವಾದಷ್ಟೂ ಎಣಿಕೆ ನಿಧಾನವಾಯಿತು. ಸಂದರ್ಶನದ ಹಿಂದಿನ ದಿನ ಲೆಕ್ಕ ಹಾಕಿದರೆ ಮೂವತ್ತನಾಲ್ಕೇ ಹೆಸರು. ಬಿಸ್ಮಿಲ್ಲಾಬಿಗೆ ಅದು ದೊಡ್ಡ ವಿಷಯವೆನ್ನಿಸಲಿಲ್ಲ. ಉಳಿದ ಹದಿನಾರನ್ನು ತಾನು ಹೇಳುತ್ತೇನೆ, ಬರೆದುಕೋ, ಎಲ್ಲರ ಕೈಯೂ ಒಂದೇ ಥರ ಉರಿಯುತ್ತವೆ ಎಂದಳು.

“ಬ್ಯಾಡ ಖಾಲಾ,” ಎಂದಳು ಸಿಮ್ರಾನ. “ಒಂದು ಸುಳ್ಳಿಗೆ ಹತ್ತು ದಿನ ಹೋದುವು. ಇನ್ನ ಹದಿನಾರಕ್ಕ ಎಷ್ಟು ದಿನ ತರಲಿ?”

ಹಾವೇರಿಯಲ್ಲಿ ಮೂವರು ಕುಳಿತಿದ್ದರು. ಅವರು ವರದಿ ಕೇಳುವ ಮೊದಲೇ ಅವಳು ನಡೆದದ್ದನ್ನು ಹೇಳಿಬಿಟ್ಟಳು. ಹೇಳುವುದನ್ನು ಬಸ್ಸಿನಲ್ಲಿ ಪುಸ್ತಕದ ಕನ್ನಡದಲ್ಲಿ ಬಾಯಿಪಾಠ ಮಾಡಿಕೊಂಡಿದ್ದಳು. ಅವರೆದುರು ಬಂದದ್ದು ಮನೆಯ ಮಾತೇ.

ನಡುವೆ ಕುಳಿತ ಹಿರಿಯರು ಕನ್ನಡಕ ತೆಗೆದರು. “ಅಂದರ ಈ ಅರ್ಜಿ ಸುಳ್ಳು ಅಂತ ನೀವ ಹೇಳಾಕತ್ತೀರಿ.”

“ಹೌದ್ರಿ ಸರ್. ಬರದಾಂವ ಬ್ಯಾರೆ, ಆದ್ರ ಓದಲಾರದ ಒಟಿಪಿ ಕೊಟ್ಟಾಕಿ ನಾನ. ಅವತ್ತು ಅದು ಸುಳ್ಳು. ಈ ನೋಟ್‌ಬುಕ್ ಖರೇ ಐತ್ರಿ. ಐವತ್ತಿಲ್ಲ, ಮೂವತ್ತನಾಲ್ಕು ಐತಿ.”

ಸುಳ್ಳು ಮಾಹಿತಿ ಇರುವ ಅರ್ಜಿಯನ್ನು ತಳ್ಳಿಹಾಕುವುದು ನಿಯಮವೆಂದು ಅವರು ಹೇಳಿದರು. ಸಿಮ್ರಾನ ತಲೆಯಾಡಿಸಿದಳು. ಅಷ್ಟರಲ್ಲಿ ಪಕ್ಕದ ಮೇಡಂ ನೋಟ್‌ಬುಕ್ ಎಳೆದುಕೊಂಡು ಓದತೊಡಗಿದ್ದರು. ಎಷ್ಟು ಮಂದಿ ತೊಂದರೆ ಇಲ್ಲವೆಂದರು ಎಂದು ಕೇಳಿದರು.

“ಆರೋಗ್ಯದ ಪ್ರಶ್ನೆಗೆ ಎಲ್ಲಾರೂ ಇಲ್ಲ ಅಂದ್ರು ಮೇಡಂ. ಜಡಿ ಪ್ರಶ್ನೆಗೆ ಇಪ್ಪತ್ತೊಂಬತ್ತು ಮಂದಿ ಸೀಜನ್ನಿನ್ಯಾಗ ತಾವು ಮಕ್ಕಳನ್ನ ಮುಟ್ಟೂದಿಲ್ಲ ಅಂದ್ರು.”

ಮೇಡಂ ಪುಟ ತಿರುವುವುದನ್ನು ನಿಲ್ಲಿಸಿದರು. ಅವಳನ್ನು ಹೊರಗೆ ಕೂರಿಸಿ ಮೂವರೂ ಮಾತನಾಡಿಕೊಂಡರು. ಒಳಗಿನ ಮಾತು ಅವಳಿಗೆ ಕೇಳಿಸಲಿಲ್ಲ. ಕೊನೆಗೆ ಮೇಡಂ ತಾವೇ ಬಂದು ಒಂದು ಖಾಲಿ ಹಾಳೆ ಕೊಟ್ಟು, ಆ ಎರಡು ನೂರು ಶಬ್ದಗಳನ್ನು ಸ್ವಂತ ಕೈಯಿಂದ ಮತ್ತೆ ಬರೆದು ಸಹಿ ಮಾಡಲು ಹೇಳಿದರು. ಸಿಮ್ರಾನ ಬೆಂಚಿನ ಮೇಲೆ ಹಾಳೆ ಇಟ್ಟು, ನೆಲದ ಮೇಲೆ ಕುಳಿತು ಬರೆದಳು. ಸಹಿ ಹಾಕುವ ಮುನ್ನ ಎರಡು ಸಲ ಓದಿದಳು.

ವಾರದ ನಂತರ ಪಟ್ಟಿ ಬಂತು. ಮೊದಲ ವರ್ಷಕ್ಕೆ ಅವಳ ಹೆಸರಿತ್ತು. ಐವತ್ತು ಹೆಂಗಸರ ವರದಿ ಪೂರ್ತಿಯಾಗಿ ಕೈ ಸೇರಿದ ಮೇಲೆ ಎರಡನೆಯ ವರ್ಷದ್ದನ್ನು ನೋಡಲಾಗುವುದು ಎಂದು ಕೆಳಗೆ ಬರೆದಿತ್ತು. ಫಕ್ಕೀರಸಾಬರು ಬಸ್ ಸ್ಟ್ಯಾಂಡಿನವರಿಗೆಲ್ಲ ಚಹಾ ಕುಡಿಸಿದರು.

ಸೀಜನ್ ಮುಗಿಯುತ್ತ ಬಂದಿತ್ತು, ರಾಶಿಗಳು ಸಣ್ಣಗಾಗಿದ್ದವು. ಮರುದಿನ ಬೆಳಿಗ್ಗೆ ಗೋದಾಮಿನಲ್ಲಿ ಅವಳನ್ನು ಕಂಡು, ಸಿಕ್ಕಿದ್ದು ಸಾಲದೆ ಕೂಲಿಗೂ ಬಂದೆಯಾ ಎಂದು ಕರೆವ್ವ ಕೆಣಕಿದಳು. ಸಿಮ್ರಾನ ನಗುತ್ತ ಮೂಗಿಗೆ ದುಪಟ್ಟಾ ಕಟ್ಟಿಕೊಂಡಳು. ಇನ್ನೂ ಮಾತನಾಡಿಸದ ಹೆಂಗಸೊಬ್ಬಳ ಪಕ್ಕ ಜಾಗ ಮಾಡಿಕೊಂಡು ಕುಳಿತು, ರಾಶಿಗೆ ಕೈ ಹಾಕಿ, ಹೆಸರು ಕೇಳಿದಳು.