ಹೊಳ್ಳಿ ಬಂದ ಹುಲಿಗೆಮ್ಮ

“ಫೇಲಾದವ್ರು ಒಳಗ ಬರಬಹುದೇನ್ರಿ, ಮೇಡಂ?”

ಶಾಲೆ ಶುರುವಾದ ದಿನ ಗೇಟಿನಾಚೆ ನಿಂತು ಹುಲಿಗೆಮ್ಮ ಕೇಳಿದಳು. ಹತ್ತನೇ ಕ್ಲಾಸಿನ ಗಣಿತದಲ್ಲಿ ಫೇಲಾಗಿ, ರಾರಾವಿಯ ಗದ್ದೆಗಳಿಗೆ ಕೂಲಿಗೆ ಹೋಗುತ್ತಿದ್ದ ಹುಡುಗಿ. ಹೋದ ವರ್ಷದ ಯೂನಿಫಾರ್ಮನ್ನೇ ಒಗೆದು ಹಾಕಿಕೊಂಡು ಬಂದಿದ್ದಳು. ಸಿರುಗುಪ್ಪದ ಆ ಹೈಸ್ಕೂಲಿಗೆ ನಾನು ಹೆಡ್‌ಮೇಡಂ. ರಿಸಲ್ಟಿನ ಬಗ್ಗೆ ಮಕ್ಕಳಿಗೆ ಖಡಕ್ಕಾಗಿ ಹೇಳಬೇಕೆಂದು ಬರೆದುಕೊಂಡಿದ್ದ ಹಾಳೆಯನ್ನು ಬ್ಯಾಗಿಗೆ ಸೇರಿಸಿದೆ. ಪ್ರಾರ್ಥನೆಗೆ ನಿಂತ ಮಕ್ಕಳ ಮುಂದೆ ಅವಳನ್ನು ಕೈಹಿಡಿದು ಕರೆದೊಯ್ದೆ.

“ಇಕಿ ಹೆದರಲಾರದ ಹೊಳ್ಳಿ ಬಂದಾಳ. ಈ ವರ್ಷದ ಮೊದಲ ಚಪ್ಪಾಳಿ ಇಕಿಗೇ ಹೊಡೀರಿ,” ಎಂದೆ. ತಗ್ಗಿಸಿದ್ದ ತಲೆಯನ್ನು ಹುಡುಗಿ ಮೆಲ್ಲಗೆ ಎತ್ತಿದಳು.

ಮರುದಿನ ಫೇಲಾಗಿದ್ದ ಇನ್ನಿಬ್ಬರು ಹುಡುಗಿಯರು ಬಂದರು. ಅವರ ಮನೆಗೆ ಹೋಗಿ ಕರೆತಂದವಳು ಹುಲಿಗೆಮ್ಮನೇ. ಮೂವರನ್ನೂ ಒಂದೇ ಬೆಂಚಿನಲ್ಲಿ ಕಂಡಾಗ, ಹೆಡ್‌ಮೇಡಂ ಅನ್ನಿಸಿಕೊಂಡಿದ್ದಕ್ಕೆ ಮೊದಲ ಸಲ ಎದೆ ತುಂಬಿ ಬಂತು.